ಮುಚ್ಚಳದ ಮೇಲಿನ ಕಲ್ಲು

ಕೋಣೆಯ ಬಾಗಿಲು ತೆರೆದಿತ್ತು.

ಮಹಾನವಮಿ, ಬೆಳಿಗ್ಗೆ ಹತ್ತು ಗಂಟೆ. ಅತ್ತೆ, ನಾನು, ನನ್ನ ಗಂಡ ಕೇದಾರ್ ಮೂವರೂ ಮಾರ್ಕೆಟ್ಟಿನಿಂದ ಆಗಷ್ಟೇ ಬಂದಿದ್ದೆವು. ನನ್ನ ಕೈಯಲ್ಲಿ ಸೇವಂತಿಗೆಯ ಚೀಲ, ಕೇದಾರನ ಹೆಗಲ ಮೇಲೆ ಎರಡು ಬಾಳೆಕಂದು. ಆಟೋ ಸಿಗದೆ ಚಾಮರಾಜಪೇಟೆಯವರೆಗೆ ನಡೆದೇ ಬಂದು ಎಲ್ಲರಿಗೂ ಏದುಸಿರು. ಚಪ್ಪಲಿ ಬಿಡುತ್ತಲೇ ನನ್ನ ಕಣ್ಣು ಹಜಾರ ದಾಟಿ ಎಡಗಡೆಯ ಕೋಣೆಗೆ ಹೋಯಿತು. ಚೌಕಟ್ಟಿಗೆ ಹಸಿ ಅರಿಸಿನ, ಮೇಲೆ ಮಾವಿನೆಲೆಯ ತೋರಣ. ಬಾಗಿಲು ಗೋಡೆಗೆ ತಾಗುವಷ್ಟು ತೆರೆದಿತ್ತು. ಮುಚ್ಚಿಕೊಳ್ಳದಿರಲಿ ಎಂದು ಕೆಳಗೆ ಒಂದು ಮಣೆ ಒತ್ತಿಟ್ಟಿದ್ದರು.

"ಹಬ್ಬದ ದಿನ ಯಾವ ಬಾಗಿಲೂ ಮುಚ್ಚಿರಬಾರದಮ್ಮ. ನಿನ್ನ ರೂಮಿಗೂ ತೋರಣ ಕಟ್ಟಿದೀನಿ ನೋಡು," ಎಂದರು ಮಾವ. ಅವರು ಹಜಾರದ ಮಧ್ಯೆ ಕುಳಿತು ಹಳೆಯ ತಕ್ಕಡಿಯ ತಟ್ಟೆಗಳನ್ನು ಹುಣಸೆಹಣ್ಣಿನಿಂದ ಉಜ್ಜುತ್ತಿದ್ದರು.

"ಚೆನ್ನಾಗಿದೆ ಮಾವ," ಎಂದು ಹೇಳಿ ನಾನು ನಡೆದೇ ಕೋಣೆಗೆ ಹೋದೆ. ಓಡಿದ್ದರೆ ಅವರು ತಲೆ ಎತ್ತಿ ನೋಡುತ್ತಿದ್ದರು.

ಕಿಟಕಿಯ ಪಕ್ಕದ ಮೊಣಕಾಲೆತ್ತರದ ಪುಸ್ತಕದ ಕಪಾಟಿನ ಮೇಲೆ ಗಾಜಿನ ಪೆಟ್ಟಿಗೆ ಇತ್ತು. ಅದರ ಮುಂಭಾಗಕ್ಕೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಅಕ್ರಿಲಿಕ್ ಮುಚ್ಚಳ ಒಂದು ಮೂಲೆಯಲ್ಲಿ ನಾಲ್ಕು ಬೆರಳಿನಷ್ಟು ಸರಿದಿತ್ತು. ಮುಚ್ಚಳದ ಎರಡು ತುದಿಗಳಲ್ಲಿ ಇರಬೇಕಾದ ಎರಡು ತೂಕದ ಕಲ್ಲುಗಳು ಇರಲಿಲ್ಲ.

ಮರದ ತೊಗಟೆ ಎತ್ತಿ ನೋಡಿದೆ. ನೀರಿನ ಬಟ್ಟಲು ಸರಿಸಿ ನೋಡಿದೆ. ಚಮಚದಿಂದ ಮೂಲೆಗಳ ಮಣ್ಣನ್ನು ಮೆಲ್ಲಗೆ ಕೆದಕಿದೆ. ಪೆಟ್ಟಿಗೆ ಖಾಲಿಯಾಗಿತ್ತು.

ನಾನು ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಎಂ.ಎಸ್ಸಿ. ಓದುವಾಗ ಗೆಳತಿಯೊಬ್ಬಳ ಮನೆಯಲ್ಲಿ ಮರಿಯಾದ ಟರಾಂಟುಲಾ ಎಂಬ ದೊಡ್ಡ ಜಾತಿಯ ಜೇಡವೊಂದನ್ನು ತಂದು ಸಾಕಿದೆ. ಆಗ ಅದು ಉದ್ದಿನಕಾಳಿನಷ್ಟಿತ್ತು. ಒಂಬತ್ತು ವರ್ಷದಲ್ಲಿ ಅಂಗೈ ತುಂಬುವಷ್ಟಾಗಿತ್ತು. ಮೂಲ ದಕ್ಷಿಣ ಅಮೆರಿಕದ್ದು. ಮೈತುಂಬ ಮಾಸಲು ಗುಲಾಬಿ ಕೂದಲು. ಮದುವೆಯಾಗಿ ಈ ಮನೆಗೆ ಬರುವಾಗ ನಾನು ಜೊತೆಗೆ ತಂದ ಒಂದೇ ಜೀವ ಅದು. ಮೊದಲ ವಾರ ಆ ಕಡೆ ತಲೆಯೇ ಹಾಕದಿದ್ದ ಅತ್ತೆ ಬಸವಮ್ಮ ಆಮೇಲೆ ತಾವೇ ಅದಕ್ಕೆ ಮೌನಿ ಎಂದು ಹೆಸರಿಟ್ಟರು. "ಒಂದು ಸದ್ದಿಲ್ಲ, ಒಂದು ರಗಳೆ ಇಲ್ಲ. ನಿಮ್ಮ ಮಾವನೋರ ಬೆಕ್ಕಿಗಿಂತ ವಾಸಿ," ಎಂದಿದ್ದರು.

ಬೆಕ್ಕುಗಳು ಎರಡು. ಮಾವ ರೇವಣಸಿದ್ದಯ್ಯನವರಿಗೆ ಅಕ್ಕಿಪೇಟೆಯಲ್ಲಿ ಅಕ್ಕಿ ಮಂಡಿ ಇತ್ತು. ಇಲಿ ಹಿಡಿಯಲು ಅಲ್ಲಿ ಸಾಕಿದ ಬೆಕ್ಕಿನ ವಂಶ ಅಂಗಡಿ ಮುಚ್ಚಿದಾಗ ತಕ್ಕಡಿ, ತೂಕದ ಕಲ್ಲು, ಅಕ್ಕಿ ಅಳೆಯುವ ಕೊಳಗಗಳ ಜೊತೆಗೆ ಮನೆಗೆ ಬಂತು. ದೊಡ್ಡದರ ಹೆಸರು ಸೇರು, ಹನ್ನೆರಡು ವರ್ಷದ ಪಟ್ಟೆಬೆಕ್ಕು. ಚಿಕ್ಕದು ಪಾವು, ಎರಡು ವರ್ಷದ ಕಿಲಾಡಿ. ಸೇರು ಮಾವನ ತೊಡೆ ಬಿಟ್ಟು ಬೇರೆಲ್ಲೂ ಮಲಗುತ್ತಿರಲಿಲ್ಲ.

ನಾನು ಬಂದ ದಿನವೇ ಮಾವ ಒಂದು ಕರಾರು ಮಾಡಿದ್ದರು. "ಪೆಟ್ಟಿಗೆ ಒಳಗಿರೋವರೆಗೂ ಅದು ನಮ್ಮನೇದು. ಒಂದೇ ಒಂದ್ಸಲ ಹೊರಗೆ ಕಂಡ್ರೆ ಅವತ್ತೇ ಮನೆ ಬಿಡ್ಬೇಕು. ಒಪ್ಪಿಗೇನಾ?" ನಾನು ಒಪ್ಪಿದ್ದೆ.

ಕಳೆದ ಫೆಬ್ರವರಿಯಲ್ಲಿ ಒಂದು ದಿನ, ನಾನು ಕೋಣೆಯಲ್ಲಿ ಇರುವಾಗಲೇ, ಪಾವು ಕಪಾಟು ಹತ್ತಿ ಮುಚ್ಚಳದ ಅಂಚಿಗೆ ಉಗುರು ಸಿಕ್ಕಿಸಿ ಎತ್ತಿತು. ಅದನ್ನು ಮಾವನಿಗೆ ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದರೆ ಕರಾರಿನ ಮಾತು ಬರುತ್ತದೆ ಎಂಬ ಭಯ. ಅಟ್ಟದಲ್ಲಿದ್ದ ಎರಡು ಕೆ.ಜಿ.ಯ ಷಟ್ಕೋನದ ಕಬ್ಬಿಣದ ಕಲ್ಲು ಎರಡನ್ನು ಇಳಿಸಿ, ಉಜ್ಜಿ, ಮುಚ್ಚಳದ ಮೇಲಿಟ್ಟೆ. "ಏನಿದು?" ಎಂದು ಮಾವ ಕೇಳಿದಾಗ, "ಷೋಗೆ ಮಾವ. ನಿಮ್ಮ ಅಂಗಡೀದು, ಅಟ್ಟದಲ್ಲಿ ಯಾಕೆ ಧೂಳು ಹಿಡೀಬೇಕು?" ಎಂದೆ. ಅವರ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಬಂದ ನೆಂಟರನ್ನೆಲ್ಲ ಕೋಣೆಗೆ ಕರೆತಂದು, "ನಮ್ಮ ಸೊಸೆ ಅಂಗಡಿ ಕಲ್ಲನ್ನ ಹೆಂಗಿಟ್ಟಿದಾಳೆ ನೋಡಿ," ಎಂದು ತೋರಿಸುತ್ತಿದ್ದರು. ಜೇಡದ ಕಡೆಗೆ ಕೈ ಮಾಡುತ್ತಲೂ ಇರಲಿಲ್ಲ.

ನನ್ನ ಬಳಿ ಒಂದು ನೋಟ್‌ಬುಕ್ ಇದೆ. ಅದರಲ್ಲಿ ಪ್ರತಿದಿನದ ಉಷ್ಣತೆ, ತೇವ, ಮೌನಿ ತಿಂದ ಜಿರಳೆಗಳ ಲೆಕ್ಕ ಎಲ್ಲ ಇತ್ತು. ಮುಚ್ಚಿದ ಬಾಗಿಲು ಮೊದಲ ತಡೆ, ಕಲ್ಲಿಟ್ಟ ಮುಚ್ಚಳ ಎರಡನೆಯದು. ಒಂದು ತಪ್ಪಿದರೆ ಇನ್ನೊಂದು ಇರುತ್ತದೆ ಎಂದು ಬರೆದುಕೊಂಡಿದ್ದೆ. ತಕ್ಕಡಿ, ಕಲ್ಲುಗಳೇ ಈ ಮನೆಯ ಆಯುಧ, ವರ್ಷಕ್ಕೊಮ್ಮೆ ಅವು ಪೂಜೆಗೆ ಇಳಿಯುತ್ತವೆ, ಅದೇ ದಿನ ಎಲ್ಲ ಬಾಗಿಲುಗಳೂ ತೆರೆಯುತ್ತವೆ ಎಂಬುದು ಅದರಲ್ಲಿ ಎಲ್ಲೂ ಇರಲಿಲ್ಲ. ಎರಡು ತಡೆಗಳನ್ನೂ ಒಂದೇ ಕೈ ತೆಗೆದಿತ್ತು, ಅದೂ ಭಕ್ತಿಯಿಂದ.

ಇನ್ನೊಂದು ಸಂಗತಿ ನೋಟ್‌ಬುಕ್ಕಿನಲ್ಲಿತ್ತು. ಮೌನಿ ಏಳು ವಾರದಿಂದ ಏನನ್ನೂ ತಿಂದಿರಲಿಲ್ಲ. ಹೊಟ್ಟೆಯ ಮೇಲಿನ ಬೋಳು ಜಾಗ ಕಪ್ಪಾಗಿತ್ತು. ಪೊರೆ ಬಿಡುವ ಕಾಲ ಹತ್ತಿರ ಬಂದಿತ್ತು. ಅಂಥ ಸ್ಥಿತಿಯಲ್ಲಿ ಬೆಕ್ಕಿನ ಪಂಜದ ಒಂದು ಏಟು ಸಾಕು. ಹೊಟ್ಟೆ ನೀರಿನ ಚೀಲದಂತೆ ಒಡೆಯುತ್ತದೆ.

ಕೇದಾರನನ್ನು ಸನ್ನೆ ಮಾಡಿ ಕರೆದೆ. ಅವನು ಪೆಟ್ಟಿಗೆ ನೋಡಿದ, ನನ್ನ ಮುಖ ನೋಡಿದ.

"ಅಪ್ಪಂಗೆ ಗೊತ್ತಾ?"

"ಇಲ್ಲ. ಮೆಲ್ಲಗೆ ಮಾತಾಡು."

"ಹೇಳ್ಬಿಡೋಣ ಇಂಚರಾ."

"ಮೊದ್ಲು ಸಿಗ್ಲಿ. ನೀನು ಮಂಚದ ಕೆಳಗೆ ನೋಡು. ನೋಡ್ಕೊಂಡು ಕಾಲಿಡು."

ಮಂಚದ ಕೆಳಗೆ, ಬೀರುವಿನ ಹಿಂದೆ, ಪರದೆಯ ಮಡಿಕೆಗಳಲ್ಲಿ ಟಾರ್ಚ್ ಬಿಟ್ಟು ಹುಡುಕಿದೆವು. ಟರಾಂಟುಲಾ ಓಡುವ ಜಾತಿಯಲ್ಲ. ಗೋಡೆಯ ಅಂಚು ಹಿಡಿದು ನಿಧಾನ ನಡೆಯುತ್ತದೆ, ಕತ್ತಲೆಯ ಇಕ್ಕಟ್ಟಾದ ಜಾಗ ಸಿಕ್ಕರೆ ಸೇರಿಕೊಳ್ಳುತ್ತದೆ. ಮಾವ ಕಲ್ಲು ತೆಗೆದು ಎಷ್ಟು ಹೊತ್ತಾಗಿತ್ತೋ. ನಾವು ಮನೆ ಬಿಟ್ಟಿದ್ದು ಏಳಕ್ಕೆ. ಮೂರು ಗಂಟೆಯಲ್ಲಿ ಅದು ಹಜಾರ, ಅಡುಗೆಮನೆ, ಬಚ್ಚಲು ಎಲ್ಲಿಗೆ ಬೇಕಾದರೂ ಹೋಗಿರಬಹುದು. ಹಜಾರದಲ್ಲಿ ಅತ್ತೆ ಬರಿಗಾಲಲ್ಲಿ ಓಡಾಡುತ್ತಿದ್ದರು.

"ಅಲ್ಲೇನ್ ಮಾಡ್ತಿದೀರಾ ಇಬ್ರೂ? ಬಾಳೆಕಂದು ಕಟ್ಟೋರು ಯಾರು?" ಎಂದು ಅತ್ತೆ ಕೂಗಿದರು. "ಕೆಂಡಾನೂ ರೆಡಿ ಇದೆ, ಧೂಪ ಹಾಕೋದಷ್ಟೇ ಬಾಕಿ."

ಧೂಪ. ಹೊಗೆ ತುಂಬಿದ ಹಜಾರದಲ್ಲಿ ಜೇಡ ಉಸಿರಾಡುವುದು ಕಷ್ಟ. ನಾನು ಹಜಾರಕ್ಕೆ ಬಂದು ಸೋಫಾದ ಕೆಳಗೆ ಬಗ್ಗಿದೆ. ಕೇಳಿದರೆ ಓಲೆಯ ತಿರುಪು ಬಿದ್ದಿದೆ ಎಂದು ಹೇಳಲು ಸುಳ್ಳು ಸಿದ್ಧವಾಗಿತ್ತು. ಆಗಲೇ ಮಾವನ ದನಿ ಕೇಳಿಸಿತು.

"ಸೇರೂ... ಯಾಕೋ, ಏನಾಯ್ತೋ ಕಣ್ಣಿಗೆ?"

ಸೇರು ಅವರ ಪಕ್ಕದಲ್ಲಿ ಕುಳಿತು ಮುಂಗಾಲಿನಿಂದ ಬಲಗಣ್ಣು ತಿಕ್ಕಿಕೊಳ್ಳುತ್ತಿತ್ತು. ಕಣ್ಣು ಅರ್ಧ ಮುಚ್ಚಿ, ಕೆಂಪಗೆ ನೀರು ಸುರಿಯುತ್ತಿತ್ತು. ನನಗೆ ಕ್ಷಣದಲ್ಲಿ ಅರ್ಥವಾಯಿತು. ಹೆದರಿದ ಟರಾಂಟುಲಾ ಹಿಂಗಾಲಿನಿಂದ ಹೊಟ್ಟೆಯ ಮೇಲಿನ ಕೂದಲನ್ನು ಕೆರೆದು ಶತ್ರುವಿನ ಮುಖಕ್ಕೆ ತೂರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು ಅವು. ಸೇರು ಮೂಸಲು ಹೋಗಿದೆ.

"ಕುಂಕುಮ ಬಿದ್ದಿರ್ಬೇಕು ಬಿಡಿ," ಎಂದರು ಅತ್ತೆ. "ಒದ್ದೆ ಬಟ್ಟೇಲಿ ಒರೆಸಿ, ಹೋಗುತ್ತೆ."

ಮಾವ ಹೆಗಲ ಮೇಲಿನ ಶಲ್ಯದ ತುದಿಯನ್ನು ನೀರಿಗೆ ಅದ್ದಿದರು, ಬೆಕ್ಕಿನ ತಲೆ ಹಿಡಿದರು. ಬಟ್ಟೆಯಿಂದ ಒರೆಸಿದರೆ ಆ ಮುಳ್ಳುಗಳು ಕಣ್ಣುಗುಡ್ಡೆಯೊಳಕ್ಕೆ ಇನ್ನಷ್ಟು ಇಳಿಯುತ್ತವೆ. ಸುಮ್ಮನಿದ್ದರೆ ಕರಾರು ಇನ್ನೂ ಅರ್ಧ ಗಂಟೆ ಉಳಿಯುತ್ತಿತ್ತು.

"ಉಜ್ಬೇಡಿ ಮಾವ!"

ನನ್ನ ದನಿ ನನಗೇ ಗಾಬರಿ ಹುಟ್ಟಿಸಿತು. ಮಾವನ ಕೈ ನಿಂತಿತು.

"ಮೌನಿ ಹೊರಗೆ ಬಂದಿದೆ ಮಾವ. ಅದ್ರ ಕೂದಲು ಇದ್ರ ಕಣ್ಣಿಗೆ ಹೋಗಿದೆ. ಒರೆಸಿದ್ರೆ ಒಳಗೆ ಚುಚ್ಕೊಳ್ಳುತ್ತೆ."

"ಶಿವ ಶಿವಾ!" ಅತ್ತೆ ದಿವಾನ ಹತ್ತಿ ಎರಡೂ ಕಾಲನ್ನು ಮೇಲೆ ಎಳೆದುಕೊಂಡರು. "ಎಲ್ಲಿ? ಎಲ್ಲಿದೆ?"

"ಗೊತ್ತಿಲ್ಲ ಅತ್ತೆ."

ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ನನ್ನ ಸಲೈನ್ ಬಾಟಲಿ ತಂದು ಸೇರುವಿನ ಕಣ್ಣಿನ ಮೇಲೆ ಸುರಿದೆ. ಮಾವ ತಲೆ ಹಿಡಿದಿದ್ದರು. ಬೆಕ್ಕು ಕೊಸರಾಡಿ ಅವರ ಮಣಿಕಟ್ಟು ಪರಚಿತು. ಅವರು ಕೈ ಬಿಡಲಿಲ್ಲ.

"ನಾನು ಮುಚ್ಚಳ ನೆಟ್ಟಗೇ ಕೂರ್ಸಿದೀನಿ," ಎಂದರು. "ಎರಡು ಸಲ ನೋಡ್ಕೊಂಡು ಬಂದಿದೀನಿ. ಹೆಂಗ್ ಬಂತು?"

"ಬರೀ ಮುಚ್ಚಳ ಸಾಕಾಗಲ್ಲ ಮಾವ. ಪಾವು ಎತ್ತುತ್ತೆ."

"ಯಾವತ್ತಿಂದ?"

"ಫೆಬ್ರವರಿಯಿಂದ."

ಅವರು ತಿರುಗಿ ಪೂಜೆಗೆ ಜೋಡಿಸಿಟ್ಟಿದ್ದ ಎರಡು ಕಲ್ಲುಗಳನ್ನು ನೋಡಿದರು. ವಿಭೂತಿ ಹಚ್ಚಿ, ಒಂದೊಂದಕ್ಕೂ ಒಂದೊಂದು ದಾಸವಾಳ ಇಟ್ಟಿದ್ದರು.

"ಹಂಗಾದ್ರೆ ಕಲ್ಲು?"

"ಅದಕ್ಕೇ ಇಟ್ಟಿದ್ದೆ. ಷೋಗಲ್ಲ."

ಅವರು ಬೈದಿದ್ದರೆ ಸಹಿಸಬಹುದಿತ್ತು. ಬೈಯಲಿಲ್ಲ. "ಹೇಳಿದ್ರೆ ನಾನು ತೆಗೀತಿದ್ನಾ?" ಎಂದು ಕೇಳಿ, ಸೇರುವನ್ನು ಕೇದಾರನ ಕೈಗೆ ಕೊಟ್ಟರು. "ಡಾಕ್ಟ್ರ ಹತ್ರ ಕರ್ಕೊಂಡೋಗು. ರಜಾ ಅಂದ್ರೆ ಮನೆ ಬಾಗ್ಲು ತಟ್ಟು." ಕೇದಾರ್ ಬೆಕ್ಕನ್ನು ತರಕಾರಿ ಬುಟ್ಟಿಯಲ್ಲಿ ಕೂರಿಸಿ, ಮುಚ್ಚಿ, ಪೂಜೆಗೆಂದು ತೊಳೆದಿಟ್ಟಿದ್ದ ಸ್ಕೂಟರಿನಲ್ಲಿ ಹೊರಟ. ಏನಾಗಿದೆ ಎಂಬುದನ್ನು ನಾನು ಚೀಟಿಯಲ್ಲಿ ಬರೆದುಕೊಟ್ಟೆ.

"ಈಗ ಅದು ಎಲ್ಲಿರಬಹುದು, ಅದನ್ನ ಹೇಳು," ಎಂದರು ಮಾವ.

"ಪಾವು ಎಲ್ಲಿದೆ?" ಎಂದು ನಾನು ಕೇಳಿದೆ. ಅಷ್ಟು ಹೊತ್ತೂ ಅದನ್ನು ಯೋಚಿಸಿರಲಿಲ್ಲ.

ಪಾವು ದೂರ ಹೋಗಿರಲಿಲ್ಲ. ಹಜಾರದ ಮೂಲೆಯಲ್ಲಿ, ಪೂಜೆಯ ಜಾಗದ ಹಿಂಬದಿಗೆ, ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ ಕುಳಿತಿತ್ತು. ಬಾಲದ ತುದಿ ಮಾತ್ರ ಆಡುತ್ತಿತ್ತು. ಅದರ ದೃಷ್ಟಿ ತಕ್ಕಡಿಯ ಹಿಂದಿದ್ದ ಹಿತ್ತಾಳೆ ಕೊಳಗದ ಮೇಲೆ. ಖಾಲಿ ಕೊಳಗವನ್ನು ಬಾಯಿ ಮೇಲೆ ಮಾಡಿ ಇಡಬಾರದೆಂಬುದು ಮಾವನ ನಂಬಿಕೆ. ಅಡ್ಡ ಮಲಗಿಸಿ, ಗೋಡೆಯ ಕಡೆಗೆ ಮುಖ ಮಾಡಿ ಇಟ್ಟಿದ್ದರು. ಗೋಡೆಗೂ ಅದರ ಬಾಯಿಗೂ ನಡುವೆ ಒಂದು ಗೇಣು ಜಾಗ. ಪಾವು ಒಂದು ಕಾಲು ಮುಂದಿಟ್ಟಿತು.

ನಾನು ಹಾರಿ ಅದನ್ನು ಎತ್ತಿಕೊಂಡೆ. ಅಡುಗೆಮನೆಗೆ ಹಾಕಿ ಬಾಗಿಲು ಮುಚ್ಚಿ ಬಂದು, ಗೋಡೆಗೆ ಕೆನ್ನೆಯಿಟ್ಟು ಮಲಗಿ ಟಾರ್ಚ್ ಬಿಟ್ಟೆ. ಕೊಳಗದ ಒಳಗೆ ತೆಳ್ಳಗೆ ಬಿಳಿ ನೂಲಿನ ಹಾಸು ಇತ್ತು. ಅದರ ಮೇಲೆ ಮೌನಿ ಅಂಗಾತ ಮಲಗಿತ್ತು, ಎಂಟೂ ಕಾಲು ಚಾಚಿಕೊಂಡು.

ಮಾವ ನನ್ನ ಪಕ್ಕ ಬಗ್ಗಿ ನೋಡಿದರು.

"ಸತ್ತಿದೆ," ಎಂದರು.

"ಅಯ್ಯೋ ಪಾಪ!" ಎಂದರು ಅತ್ತೆ ದಿವಾನದಿಂದಲೇ. ಆಮೇಲೆ, "ಪೂಜೆ ಜಾಗದಲ್ಲಿ ಹೆಣ ಇಟ್ಕೋಬಾರ್ದು. ತೆಗೀರಿ ಮೊದ್ಲು," ಎಂದರು.

ಮಾವ ಕೊಳಗದ ಅಂಚಿಗೆ ಕೈ ಹಾಕಿದರು. ನಾನು ಅವರ ಮಣಿಕಟ್ಟು ಹಿಡಿದೆ. ಕಾಲಿಗೆ ನಮಸ್ಕಾರ ಮಾಡುವಾಗ ಬಿಟ್ಟರೆ ನಾನು ಅವರನ್ನು ಮುಟ್ಟಿದ್ದೇ ಇಲ್ಲ. ಬೆಕ್ಕು ಪರಚಿದ ಜಾಗದಲ್ಲಿ ರಕ್ತ ಅಂಟಂಟಾಗಿತ್ತು.

"ಸತ್ತಿಲ್ಲ ಮಾವ. ಸತ್ತಿದ್ರೆ ಕಾಲು ಒಳಗೆ ಮುದುಡಿಕೊಳ್ಳುತ್ತೆ. ನೋಡಿ, ಚಾಚಿದೆ. ಪೊರೆ ಬಿಡ್ತಿದೆ. ಈಗ ಅಲುಗಾಡಿಸಿದ್ರೆ ಸಾಯುತ್ತೆ."

"ಈ ಸಲಾನೂ ನಿಜಾನೇ ಹೇಳ್ತಿದೀಯಾ?"

ಟಾರ್ಚನ್ನು ಅವರ ಕೈಗೆ ಕೊಟ್ಟೆ. ಅವರು ನೆಲಕ್ಕೆ ಮೊಣಕೈ ಊರಿ ಬಹಳ ಹೊತ್ತು ನೋಡಿದರು. ಒಂದು ಸೇರಿಗೆ ಹತ್ತು ಕಾಳು ಕಡಿಮೆಯಿದ್ದರೂ ಕಣ್ಣಲ್ಲೇ ಹೇಳುತ್ತಿದ್ದವರು ಅವರು. ಕೊನೆಗೆ, "ಒಂದು ಕಾಲು ಅಲ್ಲಾಡ್ತು," ಎಂದರು.

"ಹೌದು."

"ಎಷ್ಟೊತ್ತು ಬೇಕು?"

"ಮೂರು ಗಂಟೆ. ಐದೂ ಆಗ್ಬಹುದು."

"ಧೂಪ?"

"ಬೇಡ ಮಾವ."

"ಗಂಟೆ ಬಾರಿಸ್ಲಾ?"

"ಅದೂ... ಅದುರುತ್ತೆ."

"ಇನ್ನೇನು, ಪೂಜೇನೇ ಬೇಡ ಅಂದ್ಬಿಡು. ಒಂದೇ ಮಾತಲ್ಲಿ ಮುಗೀತದೆ."

"ದಿನಾ ಅಂಗೈಯಲ್ಲಿ ಲಿಂಗ ಇಟ್ಕೊಂಡು ಸುಮ್ಮನೆ ಕೂತು ಪೂಜೆ ಮಾಡ್ತೀರಲ್ಲ, ಅದಕ್ಕೆ ಯಾರು ಗಂಟೆ ಹೊಡೀತಾರೆ?" ಎಂದರು ಅತ್ತೆ. "ಇವತ್ತೂ ಹಂಗೇ ಮಾಡಿ. ನಾನಂತೂ ಇಲ್ಲಿಂದ ಇಳಿಯಲ್ಲ."

ಮಾವ ಎದ್ದರು. ಕೆಂಡದ ಧೂಪಾರತಿಯನ್ನು ಹಿತ್ತಲಿಗೆ ಒಯ್ದು ನೀರು ಸುರಿದು ಬಂದರು. ಒಂದು ಸಣ್ಣ ದೀಪ ಮಾತ್ರ ಹಚ್ಚಿ, ತಕ್ಕಡಿಯ ಮುಂದೆ ಕುಳಿತು ಕಣ್ಣು ಮುಚ್ಚಿದರು. ಬೀದಿಯಲ್ಲಿ ಯಾರೋ ಬೂದುಗುಂಬಳ ಒಡೆದರು. ಆ ಸದ್ದಿಗೆ ನಾನು ಬೆಚ್ಚಿದೆ. ಪಕ್ಕದ ಮನೆಯವರು ಕಾರಿಗೆ ಆರತಿ ಎತ್ತಿ ಹಾರ್ನ್ ಬಾರಿಸಿದರು. ಮಾವ ಎದ್ದು ಹೋಗಿ ಬೀದಿಯ ಕಡೆಯ ಕಿಟಕಿ ಮುಚ್ಚಿದರು. ಹಬ್ಬದ ದಿನ ಅವರು ಮುಚ್ಚಿದ ಮೊದಲ ಕಿಟಕಿ ಅದೇ ಇರಬೇಕು.

ಒಂದು ಗಂಟೆಗೆ ಕೇದಾರನ ಫೋನ್ ಬಂತು. ಡಾಕ್ಟರು ಸಿಕ್ಕಿದ್ದರು. ಭೂತಗನ್ನಡಿಯಲ್ಲಿ ನೋಡಿ ಹನ್ನೊಂದು ಕೂದಲು ತೆಗೆದಿದ್ದರು, ಇನ್ನೂ ಇರಬಹುದಂತೆ. ದಿನಕ್ಕೆ ಆರು ಸಲ ಹನಿ ಹಾಕಬೇಕು. ಕಣ್ಣು ಉಳಿಯುತ್ತದೋ ಇಲ್ಲವೋ ಎಂಬುದು ವಾರದ ಮೇಲೆ ಗೊತ್ತಾಗುತ್ತದೆ. ನಾನು ಅದನ್ನು ಮಾವನಿಗೆ ಹೇಳಿದೆ. ಅವರು "ಹ್ಞೂಂ" ಎಂದರು, ನನ್ನ ಕಡೆ ನೋಡಲಿಲ್ಲ.

ಕೊಳಗದಲ್ಲಿ ಮೌನಿಯ ಬೆನ್ನಿನ ಚಿಪ್ಪು ಪಕ್ಕದಲ್ಲಿ ಬಿರುಕು ಬಿಟ್ಟು, ಡಬ್ಬಿಯ ಮುಚ್ಚಳದಂತೆ ಕಳಚಿಕೊಂಡಿತು. ಹಳೆಯ ಕಾಲುಗಳಿಂದ ಹೊಸ ಕಾಲುಗಳು ಕೈಗವಸಿನಿಂದ ಬೆರಳು ಎಳೆದುಕೊಂಡ ಹಾಗೆ ಹೊರಬರತೊಡಗಿದವು, ಎಳೆದು, ನಿಂತು, ಮತ್ತೆ ಎಳೆದು. ಅವು ಹಾಲಿನ ಬಣ್ಣಕ್ಕಿದ್ದವು. ಮಾವ ಅದನ್ನು ನೋಡಲೆಂದೇ ಚಾಪೆ ಹಾಕಿಕೊಂಡು ಗೋಡೆಯ ಬದಿ ಮಲಗಿದ್ದರು.

ಎರಡೂವರೆಗೆ ಅತ್ತೆ ಧೈರ್ಯ ಮಾಡಿ ದಿವಾನದಿಂದ ಇಳಿದರು. "ಬೆಳಿಗ್ಗೆಯಿಂದ ಯಾರ ಹೊಟ್ಟೆಗೂ ಏನಿಲ್ಲ," ಎನ್ನುತ್ತಾ ಅಡುಗೆಮನೆಯ ಬಾಗಿಲು ತೆಗೆದರು. ಒಳಗೆ ಪಾವು ಇರುವುದನ್ನು ಅವರು ಮರೆತಿದ್ದರು.

ಅದು ಅವರ ಕಾಲ ನಡುವಿನಿಂದ ನುಗ್ಗಿ ನೇರ ಕೊಳಗದ ಕಡೆಗೆ ಹಾರಿತು. ನಾನು ಕೂಗಿದೆ, ಅಷ್ಟೇ. ಎದ್ದು ನಿಲ್ಲಲೂ ಆಗಲಿಲ್ಲ. ಮಲಗಿದ್ದ ಮಾವ ಮಲಗಿದ್ದಲ್ಲಿಂದಲೇ ತೋಳು ಚಾಚಿದರು. ಬೆಕ್ಕು ಗಾಳಿಯಲ್ಲೇ ಅವರ ಮುಂಗೈಗೆ ಬಡಿಯಿತು, ತಕ್ಕಡಿಯ ಒಂದು ತಟ್ಟೆ ಝಣ್ ಎಂದು ನೆಲ ಮುಟ್ಟಿತು. ಮಾವ ಅದರ ಕುತ್ತಿಗೆಯ ಚರ್ಮ ಹಿಡಿದೆತ್ತಿ, "ಕತ್ತೆ ನನ್ಮಗನೇ," ಎಂದು ಬಹಳ ಮೆಲ್ಲಗೆ ಬೈದರು.

ಕೊಳಗ ಅಲುಗಿರಲಿಲ್ಲ. ಆದರೆ ಮೌನಿ ನಿಂತುಬಿಟ್ಟಿತ್ತು. ಏಳು ಕಾಲು ಹೊರಗೆ, ಎಂಟನೆಯದು ಮೊಣಕಾಲಿನವರೆಗೆ ಹಳೆಯ ಪೊರೆಯೊಳಗೆ. ಸಿಕ್ಕಿಕೊಂಡ ಕಾಲು ಅಲ್ಲೇ ಒಣಗಿದರೆ ಮೈಯನ್ನೂ ಎಳೆದುಕೊಳ್ಳುತ್ತದೆ.

"ಏಳೇ ಬಂದಿದೆ," ಎಂದರು ಮಾವ, ಪಾವುವನ್ನು ಬಚ್ಚಲಿಗೆ ಹಾಕಿ ಚಿಲಕ ಸಿಕ್ಕಿಸಿ ಬಂದು. "ನೀನು ಏನಾದ್ರೂ ಮಾಡೋಕಾಗಲ್ವಾ?"

"ಆಗಲ್ಲ ಮಾವ. ಕಾಯ್ಬೇಕು."

ಕಾದೆವು. ಗಡಿಯಾರದ ಮುಳ್ಳು ಮೂರು ದಾಟಿತು. ಟಾರ್ಚಿನ ಬೆಳಕು ಮಂಕಾಯಿತು. ಮಾವ ಎದ್ದು ಹೊಸ ಸೆಲ್ ಹಾಕಿ ತಂದರು. ಮೂರು ನಲವತ್ತಕ್ಕೆ ಮೌನಿಯ ಮೈ ಒಮ್ಮೆ ಉಬ್ಬಿ, ತಗ್ಗಿ, ಎಂಟನೆಯ ಕಾಲು ಸೊಟ್ಟಗೆ ಹೊರಬಂತು.

"ಬಂತು," ಎಂದರು ಮಾವ. ಅವರು ಗೋಡೆಗೆ ಒರಗಿ ಕುಳಿತರು. ಬೆನ್ನು ಹಿಡಿದುಕೊಂಡಿತ್ತೋ ಏನೋ, ಮುಖ ಕಿವಿಚಿಕೊಂಡಿದ್ದರು. "ಕರಾರು ನೆನಪಿದ್ಯಾ?" ಎಂದು ಕೇಳಿದರು.

"ಇದೆ ಮಾವ. ಮೈ ಗಟ್ಟಿಯಾಗೋಕೆ ಹತ್ತು ದಿನ ಬೇಕು. ಆಮೇಲೆ ಕಾಲೇಜ್ ಲ್ಯಾಬಿಗೆ ತಗೊಂಡೋಗ್ತೀನಿ."

ಅವರು ತಲೆಯಾಡಿಸಿದರು.

ಮರುದಿನ ವಿಜಯದಶಮಿ. ಮಾವ ತಕ್ಕಡಿ, ಕಲ್ಲು ಎಲ್ಲವನ್ನೂ ಕದಲಿಸಿ ಎತ್ತಿಟ್ಟರು, ಕೊಳಗವನ್ನು ಬಿಟ್ಟರು. ಅದರ ಸುತ್ತ ತಲೆಕೆಳಗಾದ ಕುರ್ಚಿಗಳ ಕೋಟೆ ಕಟ್ಟಿದರು, ಮಧ್ಯದ ಸಂದಿಗಳಿಗೆ ಮೊರ, ಜರಡಿ ಇಟ್ಟರು. ಎರಡು ದಿನದ ಮೇಲೆ ನಾನು ಮೌನಿಯನ್ನು ಮೆಲ್ಲಗೆ ಪೆಟ್ಟಿಗೆಗೆ ಬಿಟ್ಟು ಟೇಪ್ ಸುತ್ತಿದೆ. ಸೇರುವಿನ ಕಣ್ಣಿಗೆ ದಿನಕ್ಕೆ ಆರು ಸಲ ನಾನೇ ಹನಿ ಹಾಕಿದೆ. ಪ್ರತಿ ಸಲವೂ ಮಾವ ಅದನ್ನು ತೊಡೆಯ ಮೇಲೆ ಹಿಡಿದುಕೊಳ್ಳುತ್ತಿದ್ದರು. ಕಣ್ಣು ಉಳಿಯಿತು, ಕರಿಗುಡ್ಡೆಯ ಅಂಚಿನಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ ನಿಂತಿತು. ಅದು ಹೋಗುವುದಿಲ್ಲವಂತೆ.

ಹನ್ನೊಂದನೆಯ ದಿನ ಪೆಟ್ಟಿಗೆ ಒಯ್ಯಲು ರಟ್ಟಿನ ಡಬ್ಬಿ ಹಿಡಿದು ಕೋಣೆಗೆ ಹೋದರೆ ಮಾವ ಅಲ್ಲಿದ್ದರು.

"ಕಾಲೇಜಲ್ಲಿ ಬೆಕ್ಕಿಲ್ವಾ?"

"ಇಲ್ಲ ಮಾವ."

"ಇಲಿ?"

ಲ್ಯಾಬಿನ ಸ್ಟೋರ್ ರೂಮು ನೆನಪಾಯಿತು. ಈ ಸಲ ಸುಳ್ಳು ಹೇಳಲಿಲ್ಲ. "ಇವೆ."

"ನಲವತ್ತು ವರ್ಷ ಇಲಿ ಜೊತೆ ಬದುಕಿದೋನು ನಾನು. ಅದು ಬೆಕ್ಕಿನ ಹಂಗೆ ಆಟ ಆಡಲ್ಲ, ತಿಂದ್ಹಾಕುತ್ತೆ," ಎಂದು ಅವರು ಪಕ್ಕಕ್ಕೆ ಸರಿದರು.

ಪೆಟ್ಟಿಗೆಯ ಮೇಲೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇತ್ತು. ಎರಡು ಬದಿಯೂ ಕೆಳಗೆ ಬಗ್ಗಿ ಕಪಾಟಿನ ಹಲಗೆಗೆ ಸೇರಿತ್ತು. ಒಂದು ತುದಿಯಲ್ಲಿ ಮಂಡಿಯ ಹಳೆಯ ಬೀಗ. ಮಾವ ಎರಡು ಬೆರಳಿನಿಂದ ಮುಚ್ಚಳದ ಅಂಚನ್ನು ಮೇಲಕ್ಕೆ ಒತ್ತಿದರು. ಅಲುಗಲಿಲ್ಲ. ಇನ್ನೊಂದು ಮೂಲೆ ಒತ್ತಿದರು. ನಾಲ್ಕೂ ಮೂಲೆ ಆದಮೇಲೆ ನನ್ನ ಕಡೆ ತಿರುಗಿದರು.

"ನೀನೂ ಒತ್ತಿ ನೋಡು."

ಒತ್ತಿದೆ. ಅಲುಗಲಿಲ್ಲ.

"ಕೀ ನನ್ನ ಹತ್ರ ಇರುತ್ತೆ," ಎಂದು ಅವರು ಅದನ್ನು ಸೊಂಟದ ಉಡಿದಾರಕ್ಕೆ ಸಿಕ್ಕಿಸಿಕೊಂಡರು. "ಬೇಕಾದಾಗ ಕೇಳ್ಬೇಕು. ಯಾಕೆ ಅಂತಾನೂ ಹೇಳ್ಬೇಕು."

ಈಗ ಪ್ರತಿ ಭಾನುವಾರ ಹಜಾರಕ್ಕೆ ಹೋಗಿ ಕೇಳುತ್ತೇನೆ: "ಮಾವ, ನೀರು ಬದಲಾಯಿಸ್ಬೇಕು, ಕೀ ಕೊಡಿ." ಅವರು ತೊಡೆಯ ಮೇಲಿನ ಸೇರುವನ್ನು ಇಳಿಸಿ, ನನ್ನ ಹಿಂದೆಯೇ ಬಂದು, ಬಾಗಿಲು ಮುಚ್ಚಿ, ಬೀಗ ತೆಗೆದುಕೊಡುತ್ತಾರೆ. ಕೆಲಸ ಮುಗಿಯುವವರೆಗೂ ನಿಂತಿದ್ದು, ಬೀಗ ಹಾಕಿ ನಾಲ್ಕು ಮೂಲೆ ಒತ್ತುತ್ತಾರೆ. ಕಲ್ಲುಗಳು ಹಜಾರದ ಗೂಡಿನಲ್ಲಿವೆ. ಈಚೆಗೆ ಬಂದ ನೆಂಟರು ಅವು ಯಾಕೆ ಇಲ್ಲಿವೆ ಎಂದು ಕೇಳಿದರು. ಮಾವ ನನ್ನನ್ನು ನೋಡಿದರು. ಮೊದಲಿಂದ ಕೊನೆಯವರೆಗೆ ನಾನೇ ಹೇಳಿದೆ.